ಮಳೆ ನಿಂತ ಮೇಲೂ ಆರದ ತೇವ

ಆಗುಂಬೆಯಿಂದ ಚಿತ್ರದುರ್ಗಕ್ಕೆ ನಕಾಶೆಯ ಮೇಲೆ ನೇರ ಗೆರೆ ಎಳೆದರೆ ಇನ್ನೂರು ಕಿಲೋಮೀಟರ್ ತುಂಬುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,600 ಮಿಲಿಮೀಟರ್ ಆಸುಪಾಸು ಮಳೆ. ಚಿತ್ರದುರ್ಗದ ಸೀಮೆಯಲ್ಲಿ 600ರ ಆಚೀಚೆ. ಈ ದಾರಿಯಲ್ಲಿ ಪೂರ್ವಕ್ಕೆ ಹೊರಟವರು ಒಂದೇ ಹಗಲಿನಲ್ಲಿ ನಾಲ್ಕು ಬಗೆಯ ಕಾಡು ಕಾಣಬಹುದು. ಘಟ್ಟದ ನೆತ್ತಿಯಲ್ಲಿ ನಡುಹಗಲಲ್ಲೂ ಮಬ್ಬಾಗಿರುವ ನಿತ್ಯಹರಿದ್ವರ್ಣದ ಕಾನು. ತೀರ್ಥಹಳ್ಳಿಯಿಂದಾಚೆ ಕೆಲವು ಮರ ಎಲೆ ಉಳಿಸಿಕೊಂಡು, ಕೆಲವು ಬೋಳಾಗಿ ನಿಲ್ಲುವ ಮಿಶ್ರ ಕಾಡು. ಶಿವಮೊಗ್ಗದ ಸುತ್ತ ತೇಗ, ಮತ್ತಿ, ಹೊನ್ನೆ, ಬಿದಿರುಗಳ ಎಲೆಯುದುರುವ ಕಾಡು. ಹೊಳಲ್ಕೆರೆ ದಾಟಿ ಜೋಗಿಮಟ್ಟಿಯ ಕಡೆಗೆ ಹೋದರೆ ಕುರುಚಲು, ಮುಳ್ಳು, ಬಂಡೆ, ಹುಲ್ಲು. ಮಳೆಕಾಡು ಉಳಿದ ನೆಲಗಳಿಗಿಂತ ಹೇಗೆ ಬೇರೆ ಎಂದು ತಿಳಿಯಲು ಅಮೆಜಾನಿಗೆ ಹೋಗಬೇಕಿಲ್ಲ.

ಹೆಚ್ಚು ಮಳೆ ಬಿದ್ದಲ್ಲಿ ಮಳೆಕಾಡು, ಕಡಿಮೆ ಬಿದ್ದಲ್ಲಿ ಬೇರೆ ಕಾಡು ಎಂಬುದು ಎಲ್ಲರಿಗೂ ಮೊದಲು ಹೊಳೆಯುವ ಉತ್ತರ. ಅದರಲ್ಲಿ ನಿಜ ಇದೆ, ಆದರೆ ಪೂರ್ತಿ ಇಲ್ಲ. ಸಿಂಗಪುರದಲ್ಲಿ ಬೀಳುವ ಮಳೆ ಆಗುಂಬೆಯ ಮೂರನೇ ಒಂದು ಭಾಗದಷ್ಟೂ ಇಲ್ಲ. ಆದರೂ ಆ ಊರಿನ ನಡುವೆ ಉಳಿದಿರುವ ಬುಕಿತ್ ತಿಮಾ ಗುಡ್ಡದ ಕಾಡು ಅಪ್ಪಟ ಮಳೆಕಾಡು. ಇತ್ತ ನಮ್ಮ ಕುದುರೆಮುಖದ ಎತ್ತರದ ಗುಡ್ಡಗಳಿಗೆ 5,000 ಮಿಲಿಮೀಟರಿಗೂ ಹೆಚ್ಚು ಮಳೆ ಹೊಡೆಯುತ್ತದೆ, ಬೆಳೆಯುವುದು ಮಾತ್ರ ಹುಲ್ಲು. ಮಹಾರಾಷ್ಟ್ರದ ಮಹಾಬಲೇಶ್ವರವೂ ಮಳೆಯಲ್ಲಿ ಕಡಿಮೆಯದಲ್ಲ. ಅಲ್ಲಿನ ಕಾಡೂ ವರ್ಷವಿಡೀ ಹಸಿರಾಗಿರುತ್ತದೆ ನಿಜ, ಆದರೆ ಮರಗಳು ಗಿಡ್ಡ, ಜಾತಿಗಳು ಕೆಲವೇ. ಅಲ್ಲಿಗಿಂತ ಕಡಿಮೆ ಮಳೆ ಬೀಳುವ ಕೇರಳದ ತೆಂಕಣ ತುದಿಯಲ್ಲಿ ಅಗಸ್ತ್ಯಮಲೆಯ ಕಾಡು ಅದಕ್ಕಿಂತ ಎಷ್ಟೋ ಪಟ್ಟು ಸಮೃದ್ಧ.

ಪುದುಚೇರಿಯ ಫ್ರೆಂಚ್ ಸಂಸ್ಥೆಯ ಜಾನ್-ಪಿಯೆರ್ ಪ್ಯಾಸ್ಕಲ್ ಪಶ್ಚಿಮ ಘಟ್ಟದ ಉದ್ದಕ್ಕೂ ಈ ಕಾಡುಗಳನ್ನು ಅಳೆದು, ನಕಾಶೆ ಮಾಡಿ, 1988ರಲ್ಲಿ ದೊಡ್ಡ ಗ್ರಂಥವನ್ನೇ ಪ್ರಕಟಿಸಿದರು. ಅವರು ತೋರಿಸಿಕೊಟ್ಟ ಮುಖ್ಯ ಸಂಗತಿ ಇದು: ಎಷ್ಟು ಮಳೆ ಬಿತ್ತು ಎಂಬುದಕ್ಕಿಂತ ಎಷ್ಟು ತಿಂಗಳು ಮಳೆ ಬೀಳಲಿಲ್ಲ ಎಂಬುದು ಕಾಡಿನ ಗುಣವನ್ನು ನಿರ್ಧರಿಸುತ್ತದೆ. ಘಟ್ಟದ ದಕ್ಷಿಣ ತುದಿಯಲ್ಲಿ ಒಣಗಾಲ ಎರಡು ಮೂರು ತಿಂಗಳು. ಉತ್ತರಕ್ಕೆ ಸರಿದಂತೆ ಅದು ಹಿಗ್ಗುತ್ತಾ ಆಗುಂಬೆಯ ಹೊತ್ತಿಗೆ ಐದಾರು ತಿಂಗಳಾಗುತ್ತದೆ, ಮಹಾರಾಷ್ಟ್ರದಲ್ಲಿ ಏಳೆಂಟು. ಒಣಗಾಲ ಒಂದೊಂದು ತಿಂಗಳು ಬೆಳೆದ ಹಾಗೆಲ್ಲ ನಿತ್ಯಹರಿದ್ವರ್ಣದ ಮರಗಳು ಒಂದೊಂದಾಗಿ ಹಿಂದೆ ಸರಿಯುತ್ತವೆ. ಮಲೆನಾಡಿನವರು ಧೂಮ ಎಂದು ಕರೆಯುವ, ಆಕಾಶಕ್ಕೆ ಕಂಬ ನಿಲ್ಲಿಸಿದ ಹಾಗೆ ನೇರ ಬೆಳೆಯುವ ಮರ ಉತ್ತರ ಕನ್ನಡಕ್ಕೆ ಬಂದು ನಿಂತುಬಿಡುತ್ತದೆ. ಅದರಾಚೆಗೂ ಜೂನ್‌ನಲ್ಲಿ ಮುಗಿಲು ಹರಿದು ಬೀಳುವಂಥ ಮಳೆ ಉಂಟು. ಆದರೆ ಏಪ್ರಿಲ್‌ನಲ್ಲಿ ಆ ಮರಕ್ಕೆ ಬೇಕಾದ ತೇವ ಇಲ್ಲ.

ಆದ್ದರಿಂದ ಮಳೆಕಾಡನ್ನು ಉಳಿದ ಎಲ್ಲ ನೆಲಗಳಿಂದ ಬೇರ್ಪಡಿಸುವುದು ಸುರಿದ ನೀರಿನ ಲೆಕ್ಕವಲ್ಲ, ಎಲ್ಲೂ ಕಡಿಯದೆ ಉಳಿದ ತೇವ ಎಂದು ನಾನು ತಿಳಿದಿದ್ದೇನೆ. ಮರುಭೂಮಿ, ಹುಲ್ಲುಗಾವಲು, ಎಲೆಯುದುರುವ ಕಾಡು, ಉತ್ತರ ಧ್ರುವದ ಬಳಿಯ ಸೂಚಿಪರ್ಣಿ ಕಾಡು ಇವೆಲ್ಲಕ್ಕೂ ವರ್ಷದಲ್ಲಿ ಒಂದು ವಿರಾಮದ ಕಾಲ ಇದೆ. ಬಿಸಿಲೋ, ಬೆಂಕಿಯೋ, ಹಿಮವೋ ಬಂದು ಬದುಕನ್ನು ನಿಲ್ಲಿಸುತ್ತದೆ. ಅಲ್ಲಿನ ಜೀವಿಗಳೆಲ್ಲ ಆ ನಿಲುಗಡೆಯನ್ನು ದಾಟುವ ಉಪಾಯ ಕಲಿತವು. ಮಳೆಕಾಡಿನ ಜೀವಿಗಳಿಗೆ ಆ ಪಾಠ ಬೇಕಾಗಲಿಲ್ಲ. ಅವುಗಳ ಬೆರಗೂ ಅಲ್ಲಿದೆ, ಬಡತನವೂ ಅಲ್ಲಿದೆ.

ಹಾಗಾದರೆ ಆಗುಂಬೆಯ ಕಾಡು ಐದಾರು ತಿಂಗಳ ಒಣಗಾಲವನ್ನು ಹೇಗೆ ತಡೆದುಕೊಳ್ಳುತ್ತದೆ? ಇದು ಕೇಳಬೇಕಾದ ಪ್ರಶ್ನೆಯೇ, ಏಕೆಂದರೆ ಅಲ್ಲಿ ಬಹುಪಾಲು ಮಳೆ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಜನವರಿ, ಫೆಬ್ರವರಿಯಲ್ಲಿ ಹನಿಯೂ ಇಲ್ಲದಿರಬಹುದು. ಉತ್ತರದ ಒಂದು ಪಾಲು ಮಣ್ಣಿನಲ್ಲಿದೆ: ದರಕು ಮತ್ತು ಬೇರುಗಳಿಂದ ಸಡಿಲವಾದ ನೆಲ ಮಳೆಗಾಲದ ನೀರನ್ನು ಹರಿಯಗೊಡದೆ ಇಂಗಿಸಿಕೊಂಡು, ಆಳದಲ್ಲಿ ಇಟ್ಟುಕೊಂಡಿರುತ್ತದೆ. ಇನ್ನೊಂದು ಪಾಲು ಚಳಿಗಾಲದ ಇಬ್ಬನಿ, ಮಂಜಿನಲ್ಲಿ. ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಕಾಡು ತನ್ನ ತೇವವನ್ನು ತಾನೇ ಕಾಯುತ್ತದೆ. ಮೂವತ್ತು ಮೀಟರ್ ಎತ್ತರದಲ್ಲಿ ಕೊಂಬೆಗೆ ಕೊಂಬೆ ಹೆಣೆದ ಚಪ್ಪರ ಬಿಸಿಲನ್ನು ಮೇಲೆಯೇ ತಡೆಯುತ್ತದೆ, ಒಣಗಾಳಿಯನ್ನು ಒಳಗೆ ಬಿಡುವುದಿಲ್ಲ, ಎಲೆಗಳು ಉಸಿರಾಡಿದ ಆವಿ ಕೆಳಗೇ ತಂಗುತ್ತದೆ.

ಇದಕ್ಕೆ ನಮ್ಮಲ್ಲೇ ಒಂದು ಹಳೆಯ ಸಾಕ್ಷಿ ಇದೆ. ಸೊರಬ, ಸಾಗರದ ಕಡೆ ಎಲೆಯುದುರುವ ಕಾಡಿನ ನಡುನಡುವೆ ತುಂಡು ತುಂಡಾಗಿ ಕಾನುಗಳಿದ್ದವು, ಕೆಲವು ಈಗಲೂ ಇವೆ. ಊರವರು ಅವನ್ನು ದೇವರ ಹೆಸರಲ್ಲಿ ಕೊಡಲಿ ತಾಗಿಸದೆ ಇಟ್ಟಿದ್ದರು, ಕಾಳುಮೆಣಸಿನ ಬಳ್ಳಿ ಹಬ್ಬಿಸಿಕೊಂಡು ಕಾದಿದ್ದರು. ಬ್ರಿಟಿಷರ ಅರಣ್ಯಾಧಿಕಾರಿ ಡೀಟ್ರಿಚ್ ಬ್ರಾಂಡಿಸ್ 1868ರಲ್ಲಿ ಸೊರಬದ ಕಾನುಗಳ ಬಗ್ಗೆ ವರದಿಯನ್ನೇ ಬರೆದರು. ಒಂದೇ ಮಳೆ, ಒಂದೇ ಬಿಸಿಲು. ಬೇಲಿಯ ಈಚೆ ಮತ್ತಿ ಮರ ಬೋಳಾಗಿ ನಿಂತಿದ್ದರೆ ಆಚೆ ಕಾನಿನ ಒಳಗೆ ತೊರೆ ಹರಿಯುತ್ತಿತ್ತು. ಕತ್ತಿ, ಬೆಂಕಿ ಬೀಳದ ಕಡೆ ತೇವ ಉಳಿಯಿತು, ತೇವ ಉಳಿದ ಕಡೆ ಕಾನು ಉಳಿಯಿತು.

ಕಾನಿನ ಒಳಗೆ ಕಾಲಿಟ್ಟವರಿಗೆ ಮೊದಲು ಗಮನಕ್ಕೆ ಬರುವುದು ಬೆಳಕಿನ ಕೊರತೆ. ಚಪ್ಪರದ ಮೇಲೆ ಬಿದ್ದ ಬಿಸಿಲಿನಲ್ಲಿ ನೂರಕ್ಕೆ ಒಂದೆರಡು ಪಾಲು ಮಾತ್ರ ನೆಲ ಮುಟ್ಟುತ್ತದೆ. ಎಲೆಗಳ ಸಂದಿಯಿಂದ ಜಾರಿ ಬೀಳುವ ಬಿಸಿಲಿನ ಚೂರುಗಳು ಒಂದು ಸಸಿಯ ಮೇಲೆ ಕೆಲವು ಸೆಕೆಂಡು, ಹೆಚ್ಚೆಂದರೆ ಕೆಲವು ನಿಮಿಷ ನಿಂತು ಸರಿಯುತ್ತವೆ. ನೆಲಮಟ್ಟದ ಗಿಡಗಳು ಇಡೀ ದಿನದ ಅಡುಗೆಯ ದೊಡ್ಡ ಭಾಗವನ್ನು ಆ ಚೂರುಗಳಲ್ಲೇ ಮುಗಿಸಿಕೊಳ್ಳುತ್ತವೆ. ಮೊಣಕಾಲೆತ್ತರದ ಸಸಿ ಕಂಡರೆ ಅದನ್ನು ಎಳೆಯದು ಎಂದುಕೊಳ್ಳಬಾರದು. ಅದು ಹತ್ತಾರು ವರ್ಷದಿಂದ ಅಷ್ಟೇ ಎತ್ತರದಲ್ಲಿ, ಪಕ್ಕದ ಹೆಮ್ಮರ ಯಾವಾಗ ಉರುಳೀತು ಎಂದು ಕಾಯುತ್ತಿರಬಹುದು.

ಸಿನಿಮಾಗಳಲ್ಲಿ ಮಳೆಕಾಡು ಎಂದರೆ ಕತ್ತಿ ಬೀಸಿ ದಾರಿ ಬಿಡಿಸಿಕೊಳ್ಳಬೇಕಾದ ಪೊದೆಗಳ ರಾಶಿ. ನಿಜವಾದ ಕಾನಿನ ಒಡಲು ಹಾಗಿಲ್ಲ. ಬೆಳಕಿಲ್ಲದ ಕಡೆ ಪೊದೆ ಹೇಗೆ ಬೆಳೆದೀತು? ಮಳೆಗಾಲದ ಉಂಬಳ ಒಂದನ್ನು ಬಿಟ್ಟರೆ ಅಲ್ಲಿ ನಡೆಯುವುದು ಸಲೀಸು. ದಟ್ಟ ಪೊದೆ ಸಿಗುವುದು ಕಾಡಿನ ಅಂಚಿನಲ್ಲಿ, ರಸ್ತೆಯ ಬದಿಯಲ್ಲಿ, ಹಿಂದೆಂದೋ ಕಡಿದ ಜಾಗದಲ್ಲಿ. ಜರ್ಮನಿಯ ಸಸ್ಯವಿಜ್ಞಾನಿ ಆಂಡ್ರೆಯಾಸ್ ಶಿಂಪರ್ 1898ರಲ್ಲಿ ಮಳೆಕಾಡಿನ ಲಕ್ಷಣ ಹೇಳುವಾಗಲೂ ನೆಲದ ಪೊದೆಯನ್ನು ಎಣಿಸಲಿಲ್ಲ. ಎಂದೂ ಹಸಿರು, ಕಡಿಮೆಯೆಂದರೆ 30 ಮೀಟರ್ ಎತ್ತರ, ದಪ್ಪ ಕಾಂಡದ ಬಳ್ಳಿಗಳು, ಮರದ ಮೇಲೆಯೇ ಬದುಕುವ ಗಿಡಗಳು, ಇವು ಅವರು ಕೊಟ್ಟ ಗುರುತು. ನೂರಿಪ್ಪತ್ತೈದು ವರ್ಷ ಕಳೆದರೂ ಅದನ್ನು ದೊಡ್ಡದಾಗಿ ತಿದ್ದಬೇಕಾಗಿ ಬಂದಿಲ್ಲ. ನಾಲ್ಕನೆಯ ಗುರುತನ್ನು ಗಮನಿಸಿ. ಸೀತಾಳೆ ದಂಡೆ ಎಂಬ ಆರ್ಕಿಡ್ ನೆಲದಲ್ಲಿ ಬೇರೂರುವುದಿಲ್ಲ, ಬಂದಳಿಕೆಯ ಹಾಗೆ ಮರದ ರಸವನ್ನೂ ಹೀರುವುದಿಲ್ಲ. ತೊಗಟೆಗೆ ಅಂಟಿಕೊಂಡು, ಗಾಳಿಯಲ್ಲಿ ಬೇರು ಇಳಿಬಿಟ್ಟು, ಮಳೆಯಿಂದ ಮಂಜಿನಿಂದ ನೀರು ಕುಡಿಯುತ್ತದೆ. ಮಣ್ಣೇ ಇಲ್ಲದ ಕಡೆ ನೂರಾರು ಬಗೆಯ ಆರ್ಕಿಡ್, ಜರೀಗಿಡ, ಹಾವಸೆಗಳು ಬದುಕುತ್ತವೆ ಎಂದರೆ ಗಾಳಿಯಲ್ಲೇ ನೀರು ಇರಬೇಕು.

ಇನ್ನು ಬಂಡೀಪುರದ ಕಡೆ ತಿರುಗಿ. ಅಲ್ಲಿ ಜನವರಿ ದಾಟಿದರೆ ಮರಗಳು ಎಲೆ ಉದುರಿಸುತ್ತವೆ. ನೀರಿಲ್ಲದ ಕಾಲದಲ್ಲಿ ಎಲೆ ಇಟ್ಟುಕೊಂಡರೆ ಅದರ ರಂಧ್ರಗಳಿಂದ ಇದ್ದ ನೀರೂ ಆವಿಯಾಗುತ್ತದೆ, ಅದಕ್ಕೆ. ಬೋಳು ಕೊಂಬೆಗಳ ಕೆಳಗೆ ಬಿಸಿಲು ಧಾರಾಳ. ಹಾಗಾಗಿ ನೆಲದಲ್ಲಿ ಹುಲ್ಲು, ಹುಲ್ಲಿದ್ದಲ್ಲಿ ಜಿಂಕೆ, ಕಾಟಿ, ಆನೆ, ಅವುಗಳ ಹಿಂದೆ ಹುಲಿ. ಬೇಸಿಗೆಯಲ್ಲಿ ಆ ಹುಲ್ಲೇ ಬೆಂಕಿಗೆ ಆಹಾರ. ದಿಂಡಿಗ, ಮತ್ತಿ, ತೇಗ ಬೆಂಕಿ ಕಂಡ ಮರಗಳು. ದಪ್ಪ ತೊಗಟೆ ಸುಟ್ಟರೂ ಒಳಗಿನ ಜೀವ ಉಳಿಯುತ್ತದೆ, ಬುಡದಿಂದ ಮತ್ತೆ ಚಿಗುರುತ್ತವೆ. ಧೂಪ, ರಾಮಪತ್ರೆ, ನಾಗಸಂಪಿಗೆಯ ತೆಳುತೊಗಟೆಗೆ ಆ ಬಲ ಇಲ್ಲ.

ಹುಲಿ, ಆನೆ ನೋಡಬೇಕೆಂದು ಆಗುಂಬೆಗೆ ಹೋದವರು ಸಾಮಾನ್ಯವಾಗಿ ನಿರಾಶರಾಗಿ ಮರಳುತ್ತಾರೆ. ಅಲ್ಲಿ ತಿನ್ನುವುದೆಲ್ಲ ಮೇಲಿದೆ, ತಿನ್ನುವವರೂ ಮೇಲೆಯೇ. ಅಲ್ಲಿನ ಹಲವು ಜೀವಿಗಳು ಒಂದು ಮರದಿಂದ ಇನ್ನೊಂದಕ್ಕೆ ತೇಲಿ ಹೋಗುವ ವಿದ್ಯೆ ಕಲಿತಿವೆ: ಹಾರುವ ಓತಿ, ಹಾರುವ ಅಳಿಲು, ಹಾರುವ ಕಪ್ಪೆ. ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ಓದಿದವರಿಗೆ ಹಾರುವ ಓತಿಯ ಪರಿಚಯ ಬೇರೆ ಹೇಳಬೇಕಿಲ್ಲ. ಪಕ್ಕೆಲುಬುಗಳ ನಡುವಿನ ಚರ್ಮವನ್ನು ಬಿಚ್ಚಿ ಅದು ತೇಲುವುದು ಎತ್ತರದ ಮರಗಳು ಹತ್ತಿರ ಹತ್ತಿರ ಇರುವ ಕಾಡಿನಲ್ಲಿ ಮಾತ್ರ ಉಪಯೋಗಕ್ಕೆ ಬರುವ ಉಪಾಯ. ಕಾಳಿಂಗ ಸರ್ಪದ ನೆಲೆಯೂ ಇದೇ. ಪಶ್ಚಿಮ ಘಟ್ಟದ ಕಾಳಿಂಗ ಉಳಿದ ಏಷ್ಯಾದ ಕಾಳಿಂಗಗಳಿಗಿಂತ ಬೇರೆ ಜಾತಿಯೇ ಎಂದು 2024ರಲ್ಲಿ ಪಿ. ಗೌರಿಶಂಕರ್ ಮತ್ತು ಸಂಗಡಿಗರು ಪ್ರಕಟಿಸಿದರು. ಅದರ ವೈಜ್ಞಾನಿಕ ಹೆಸರಿನಲ್ಲೂ ಕನ್ನಡದ 'ಕಾಳಿಂಗ' ಸೇರಿದೆ.

ಎರಡು ಕಾಡುಗಳ ಅಂತರವನ್ನು ಅಂಕಿಯಲ್ಲಿ ಹಿಡಿದ ಒಂದು ಕೆಲಸ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಪನಾಮಾ ಕಾಲುವೆಗಾಗಿ ನೀರು ನಿಲ್ಲಿಸಿದಾಗ ಸುತ್ತ ಮುಳುಗಿ ದ್ವೀಪವಾಗಿ ಉಳಿದ ಬಾರೊ ಕೊಲರಾಡೊ ಎಂಬ ಗುಡ್ಡದಲ್ಲಿ ಸ್ಟೀಫನ್ ಹಬ್ಬೆಲ್ ಮತ್ತು ರಾಬಿನ್ ಫಾಸ್ಟರ್ 1980ರಲ್ಲಿ 50 ಹೆಕ್ಟೇರ್ ಕಾಡನ್ನು ಗುರುತು ಮಾಡಿ, ಎದೆಮಟ್ಟದಲ್ಲಿ ಕಡಿಮೆಯೆಂದರೆ ಒಂದು ಸೆಂಟಿಮೀಟರ್ ದಪ್ಪ ಇರುವ ಪ್ರತಿ ಗಿಡ ಮರಕ್ಕೂ ನಂಬರು ಕೊಟ್ಟು ಎಣಿಸಲು ಹೊರಟರು. ಅದೇ ಅಳತೆ, ಅದೇ ಕ್ರಮದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು 1988ರಲ್ಲಿ ಬಂಡೀಪುರಕ್ಕೆ ಅಂಟಿಕೊಂಡಿರುವ ಮುದುಮಲೆಯಲ್ಲಿ 50 ಹೆಕ್ಟೇರ್ ಎಣಿಸಿದರು. ಮುದುಮಲೆಯಲ್ಲಿ ಸಿಕ್ಕಿದ್ದು ಸುಮಾರು 25 ಸಾವಿರ ಕಾಂಡ, ಸುಮಾರು 70 ಜಾತಿ. ಪನಾಮಾದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಾಂಡ, ಸುಮಾರು 300 ಜಾತಿ. ಒಣಗಾಲವೇ ಇಲ್ಲದ ಬೋರ್ನಿಯೊ ದ್ವೀಪದ ಲಂಬೀರ್‌ನಲ್ಲಿ ಇದೇ ರೀತಿ 52 ಹೆಕ್ಟೇರ್ ಎಣಿಸಿದಾಗ ಜಾತಿಗಳ ಸಂಖ್ಯೆ 1,200ರ ಹತ್ತಿರ ಹೋಯಿತು. ಮುದುಮಲೆಯ ಕಾಂಡಗಳು ಕಡಿಮೆ ಇರುವುದಕ್ಕೆ ಬೆಂಕಿ ಮತ್ತು ಆನೆ ಕಾರಣ. ಎಳೆಯ ಗಿಡಗಳನ್ನು ಎರಡೂ ಉಳಿಯಗೊಡುವುದಿಲ್ಲ. ಅದು ಆ ಕಾಡಿನ ದೋಷವಲ್ಲ, ಅದರ ಬದುಕೇ ಹಾಗೆ.

ಆದರೆ ಒಂದೇ ತುಂಡು ನೆಲದಲ್ಲಿ ಸಾವಿರಕ್ಕೂ ಹೆಚ್ಚು ಜಾತಿಯ ಮರ ಹೇಗೆ ಒಟ್ಟಿಗಿರಲು ಸಾಧ್ಯ? ಯಾವುದಾದರೂ ಒಂದು ಗೆದ್ದು ಉಳಿದವನ್ನು ಹೊರದಬ್ಬಬೇಕಲ್ಲ? 1970ರಲ್ಲಿ ಡೇನಿಯಲ್ ಜಾನ್ಸೆನ್, ಮರುವರ್ಷ ಜೋಸೆಫ್ ಕಾನೆಲ್ ಬೇರೆ ಬೇರೆಯಾಗಿ ಒಂದೇ ಉತ್ತರಕ್ಕೆ ಬಂದರು. ಪ್ರತಿ ಮರಕ್ಕೂ ಅದನ್ನೇ ತಿನ್ನುವ ಕೀಟ, ಅದಕ್ಕೇ ತಗಲುವ ಶಿಲೀಂಧ್ರ ಇರುತ್ತವೆ. ತಾಯಿಮರದ ಬುಡದಲ್ಲಿ ಬಿದ್ದ ಬೀಜ, ಸಸಿಗಳಿಗೆ ಅವು ಮೊದಲು ಮುತ್ತುತ್ತವೆ. ದೂರ ಹೋಗಿ ಬಿದ್ದ ಬೀಜ ತಪ್ಪಿಸಿಕೊಳ್ಳುತ್ತದೆ. ಹಾಗಾಗಿ ಒಂದೇ ಜಾತಿಯ ಮರಗಳು ಗುಂಪುಗೂಡಲಾರವು, ನಡುವಿನ ಜಾಗ ಬೇರೆಯವಕ್ಕೆ ತೆರೆದಿರುತ್ತದೆ. ಹಿಮ ಬೀಳುವ ದೇಶಗಳಲ್ಲಿ ಚಳಿಗಾಲ ಬಂದು ಕೀಟ, ಶಿಲೀಂಧ್ರಗಳ ದಂಡನ್ನು ಕಡಿದು ಹಾಕುತ್ತದೆ. ಮೈಲುಗಟ್ಟಲೆ ಒಂದೇ ಜಾತಿಯ ಸ್ಪ್ರೂಸ್ ಮರ ನಿಲ್ಲುವುದು ಅಲ್ಲಿ ಸಾಧ್ಯವಾಗಿದೆ. ಇಲ್ಲಿ ತೇವ ಕಡಿಯುವುದಿಲ್ಲ, ಶತ್ರುಗಳ ಊಟವೂ ನಿಲ್ಲುವುದಿಲ್ಲ. ಈ ವಾದ ಎಲ್ಲ ಮರಗಳಿಗೂ ಒಂದೇ ಸಮ ಹೊಂದುವುದಿಲ್ಲ, ಚರ್ಚೆ ಇನ್ನೂ ಇದೆ. ಆದರೂ ಕಾಡಿನ ವೈವಿಧ್ಯಕ್ಕೆ ರೋಗವೂ ಒಂದು ಕಾರಣ ಎಂಬ ಮಾತು ಕೃಷಿ ಮಾಡುವ ನಮಗೆ ಯೋಚಿಸಲೇಬೇಕಾದದ್ದು.

ಬೀಜ ದೂರ ಹೋಗಬೇಕಾದರೆ ಒಯ್ಯುವವರು ಬೇಕು. ರಾಮಪತ್ರೆಯ ಕಾಯಿ ಒಡೆದಾಗ ಬೀಜದ ಸುತ್ತ ಕೆಂಪು ಪತ್ರೆ ಕಾಣುತ್ತದಲ್ಲ, ಅದು ಮಂಗಟ್ಟೆ ಹಕ್ಕಿಗೆ ಕೊಡುವ ಕೂಲಿ. ಹಕ್ಕಿ ಬೀಜವನ್ನು ಇಡಿಯಾಗಿ ನುಂಗಿ, ಪತ್ರೆಯನ್ನು ಜೀರ್ಣಿಸಿಕೊಂಡು, ಬೀಜವನ್ನು ಎಲ್ಲೋ ದೂರದಲ್ಲಿ ಉಗುಳುತ್ತದೆ. ಒಣ ಕಾಡಿನಲ್ಲಿ ಗಾಳಿಯೇ ಆ ಕೆಲಸ ಮಾಡೀತು. ದಿಂಡಿಗ, ಮತ್ತಿ, ಹೊನ್ನೆಯ ಕಾಯಿಗಳಿಗೆ ರೆಕ್ಕೆ ಇದೆ. ಗಾಳಿಯಾಡದ ಕಾನಿನಲ್ಲಿ ಮರಗಳು ಹಣ್ಣು ಕೊಟ್ಟು ಹಕ್ಕಿಯನ್ನೂ ಮಂಗವನ್ನೂ ಕರೆಯುತ್ತವೆ.

ಇಷ್ಟು ಸೊಂಪಾಗಿರುವ ಕಾಡಿನ ನೆಲ ಫಲವತ್ತಾಗಿರಬೇಕೆಂದು ಯಾರಾದರೂ ಊಹಿಸುತ್ತಾರೆ. ಆ ಊಹೆಯನ್ನು ನಂಬಿ ಪ್ರಪಂಚದ ಎಷ್ಟೋ ಕಡೆ ಮಳೆಕಾಡು ಕಡಿದು ಬೇಸಾಯಕ್ಕೆ ಇಳಿದವರು ಮೂರ್ನಾಲ್ಕು ವರ್ಷದಲ್ಲಿ ಕೈಸುಟ್ಟುಕೊಂಡಿದ್ದಾರೆ. ಬಯಲುಸೀಮೆಯ ಎರೆಮಣ್ಣು ತುಂಬಿದ ಕಣಜದ ಹಾಗೆ. ಮಳೆಕಾಡು ಕಣಜವೇ ಇಲ್ಲದೆ, ಅಂದಂದಿನ ದುಡಿಮೆಯಲ್ಲಿ ಅಂದಂದಿನ ಊಟ ಮಾಡುವ ಮನೆ. ಲಕ್ಷಾಂತರ ವರ್ಷಗಳ ಮಳೆ ಮಣ್ಣಿನ ಸುಣ್ಣ, ಪೊಟ್ಯಾಶ್‌ಗಳನ್ನೆಲ್ಲ ತೊಳೆದು ಒಯ್ದಿದೆ. ಉಳಿದಿರುವುದು ಕಬ್ಬಿಣ, ಅಲ್ಯುಮಿನಿಯಂ ತುಂಬಿದ ಕೆಂಪು ಜಂಬಿಟ್ಟಿಗೆ. ಕಾಡಿನ ಸಾರ ಇರುವುದು ಮರ, ಬಳ್ಳಿ, ಎಲೆ, ಹುಳುಗಳ ಮೈಯಲ್ಲೇ. ಎಲೆ ಉದುರಿದ ಮರುಗಳಿಗೆಯಿಂದ ಗೆದ್ದಲು, ಎರೆಹುಳ, ಅಣಬೆಗಳು ಕೆಲಸಕ್ಕೆ ಇಳಿಯುತ್ತವೆ. ಬೇರುಗಳು ಮಣ್ಣಿನ ಆಳಕ್ಕಿಂತ ಹೆಚ್ಚಾಗಿ ದರಕಿನ ಕೆಳಗೆ ಚಾಪೆಯ ಹಾಗೆ ಹರಡಿ, ಶಿಲೀಂಧ್ರದ ಎಳೆಗಳ ಸಹಾಯದಿಂದ ಕೊಳೆತದ್ದನ್ನು ಅಲ್ಲೇ ಹೀರುತ್ತವೆ. ವೆನೆಜುವೆಲಾದ ಅಮೆಜಾನ್ ಭಾಗದಲ್ಲಿ 1970ರ ದಶಕದಲ್ಲಿ ನೆಲ್ಲಿ ಸ್ಟಾರ್ಕ್ ಮತ್ತು ಕಾರ್ಲ್ ಜೋರ್ಡನ್ ಇದನ್ನು ಅಳೆದು ನೋಡಿದರು. ವಿಕಿರಣದ ಗುರುತು ಹಾಕಿದ ಕ್ಯಾಲ್ಸಿಯಂ ಮತ್ತು ರಂಜಕವನ್ನು ಬೇರಿನ ಚಾಪೆಯ ಮೇಲೆ ಸಿಂಪಡಿಸಿ, ಕೆಳಗೆ ಎಷ್ಟು ಇಳಿಯುತ್ತದೆ ಎಂದು ಹುಡುಕಿದರು. ಚಾಪೆ ದಾಟಿ ಹೋದದ್ದು ಸಾವಿರಕ್ಕೆ ಒಂದು ಪಾಲು ಮಾತ್ರ.

ಧ್ರುವದ ಕಡೆಯ ಕಾಡುಗಳಲ್ಲಿ ಇದು ತಿರುಗುಮುರುಗು. ಚಳಿಗೆ ಏನೂ ಬೇಗ ಕೊಳೆಯುವುದಿಲ್ಲ, ಎಲೆ ಕಡ್ಡಿ ಶತಮಾನಗಳಿಂದ ರಾಶಿ ಬಿದ್ದಿರುತ್ತದೆ, ಇಂಗಾಲದ ಬಹುಪಾಲು ಮಣ್ಣಿನಲ್ಲೇ ಇರುತ್ತದೆ. ಅಲ್ಲಿ ಮರ ಕಡಿದರೂ ಬಂಡವಾಳ ನೆಲದಲ್ಲಿ ಉಳಿಯುತ್ತದೆ. ಕಾನು ಕಡಿದರೆ ಲಾರಿಯಲ್ಲಿ ಹೋಗುವುದು ಮರ ಮಾತ್ರವಲ್ಲ, ಆ ನೆಲದ ಗೊಬ್ಬರವೂ.

ಮಳೆಕಾಡಿನ ಒಳಗೂ ಅತಿ ಒದ್ದೆಯಾದ ಮೂಲೆ ಎಂದರೆ ರಾಮಪತ್ರೆ ಜಡ್ಡಿ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿ ಇಂಥವು ಇವೆ. ಕಣಿವೆಯ ತಳದಲ್ಲಿ ವರ್ಷವಿಡೀ ನೀರು ಜಿನುಗುವ ಕೆಸರು. ಕೆಸರಿನಲ್ಲಿ ಗಾಳಿ ಇಲ್ಲ, ಬೇರಿಗೆ ಉಸಿರು ಬೇಕು. ಅದಕ್ಕೆ ಇಲ್ಲಿನ ಜಾಯಿಕಾಯಿ ಬಳಗದ ಮರಗಳು ಬೇರನ್ನು ಕೆಸರಿನಿಂದ ಮೇಲೆತ್ತಿ, ಮೊಣಕಾಲಿನ ಹಾಗೆ ಮಡಚಿ, ಮತ್ತೆ ಕೆಸರಿಗೆ ಇಳಿಸುತ್ತವೆ. ನೆಲದ ತುಂಬ ಇಂಥ ಬೇರಿನ ಬಳೆಗಳು, ನಡುವೆ ಕರಿ ನೀರು. ಕರಿಗೇರಿನ ನೆಂಟನಾದ ಒಂದು ಮರ 2000ದಲ್ಲಷ್ಟೇ ಇಲ್ಲಿಂದ ವಿಜ್ಞಾನಕ್ಕೆ ಪರಿಚಯವಾಯಿತು. ಅದರ ವೈಜ್ಞಾನಿಕ ಹೆಸರಿನಲ್ಲೇ ಕತ್ತಲೆಕಾನು ಇದೆ.

ಈ ತೊರೆಗಳಲ್ಲಿ ಒಂದು ಪುಟ್ಟ ಕಪ್ಪೆ ಇದೆ. ಕೆ.ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ಅದನ್ನು ಹೊಸ ಜಾತಿ ಎಂದು ವಿವರಿಸಿ ಕುಂಬಾರ ಕಪ್ಪೆ ಎಂದು ಹೆಸರಿಟ್ಟರು. ಹೆಣ್ಣು ಮೊಟ್ಟೆಯಿಡುವುದು ನೀರಿನೊಳಗಲ್ಲ, ತೊರೆಯ ಮೇಲಿನ ಕಡ್ಡಿಗೋ ತೊಗಟೆಗೋ ಅಂಟಿಸಿ. ಹೆಣ್ಣು ಹೋದ ಮೇಲೆ ಗಂಡಿನ ಕೆಲಸ ಶುರು. ತೊರೆಯ ತಳದ ಕೆಸರನ್ನು ಎರಡೂ ಮುಂಗೈಗಳಲ್ಲಿ ಎತ್ತಿಕೊಳ್ಳುತ್ತದೆ, ಹಿಂಗಾಲ ಮೇಲೆ ಎದ್ದು ನಿಲ್ಲುತ್ತದೆ, ಮೊಟ್ಟೆಗಳ ಮೇಲೆ ಮೆತ್ತುತ್ತದೆ, ಮತ್ತೆ ಬಗ್ಗುತ್ತದೆ. ಮೊಟ್ಟೆ ಪೂರ್ತಿ ಮುಚ್ಚುವವರೆಗೂ ಹೀಗೇ. ಕೆಸರಿನ ಹೊದಿಕೆ ಮೊಟ್ಟೆ ಒಣಗದಂತೆ ತಡೆಯುತ್ತದೆ, ಶತ್ರುವಿನ ಕಣ್ಣಿಗೂ ಮರೆಮಾಡುತ್ತದೆ. ಒಡೆದ ಮೇಲೆ ಗೊದಮೊಟ್ಟೆಗಳು ಕೆಳಗಿನ ನೀರಿಗೆ ಬೀಳುತ್ತವೆ. ಘಟ್ಟದ ಪೊದೆಗಪ್ಪೆಗಳು ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿವೆ. ಅವಕ್ಕೆ ಗೊದಮೊಟ್ಟೆಯ ಹಂತವೇ ಇಲ್ಲ. ಒದ್ದೆ ಎಲೆಯ ಮೇಲೋ ದರಕಿನಲ್ಲೋ ಇಟ್ಟ ಮೊಟ್ಟೆಯಿಂದ ನೇರವಾಗಿ ಮರಿಗಪ್ಪೆ ಹೊರಬರುತ್ತದೆ. ಬಯಲುನಾಡಿನ ಕಪ್ಪೆ ಮೊದಲ ಮಳೆಗೆ ಕಾದು, ಹೊಂಡ ತುಂಬಿದಾಗ ಸಾವಿರಾರು ಮೊಟ್ಟೆ ಇಟ್ಟು, ಹೊಂಡ ಬತ್ತುವ ಮೊದಲು ಮರಿಗಳು ಬೆಳೆಯಲಿ ಎಂದು ಬಿಟ್ಟುಹೋಗುತ್ತದೆ. ಇಲ್ಲಿ ಕಾಡೇ ಹೊಂಡ.

ಸಿಂಗಳೀಕನ ಕಥೆಯೂ ಇದೇ ನೇಯ್ಗೆಯದು. ಹಣ್ಣೇ ಮುಖ್ಯ ಆಹಾರವಾದ ಈ ಮಂಗಕ್ಕೆ ಹನ್ನೆರಡು ತಿಂಗಳೂ ಯಾವುದಾದರೊಂದು ಮರ ಹಣ್ಣು ಬಿಡುತ್ತಿರಬೇಕು. ಉಪ್ಪಾಗೆ ಮುಗಿದಾಗ ಅತ್ತಿ, ಅತ್ತಿ ಮುಗಿದಾಗ ಇನ್ನೊಂದು. ಎಲೆಯುದುರುವ ಕಾಡಿನಲ್ಲಿ ಅಂಥ ಸರಪಣಿ ಇಲ್ಲ. ಆದ್ದರಿಂದ ಸಿಂಗಳೀಕ ಮಳೆಕಾಡು ಬಿಟ್ಟು ಹೊರಗೆ ಬದುಕಲಾರದು. ಅದರ ಉತ್ತರದ ಕೊನೆಯ ನೆಲೆ ಶಿರಸಿ, ಹೊನ್ನಾವರದ ಕಾಡುಗಳು. ಅಲ್ಲಿ 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶ ಘೋಷಣೆಯಾಯಿತು. ಜನ ಉಪ್ಪಾಗೆ ಸಿಪ್ಪೆ ಮಾರಿ ನಾಲ್ಕು ಕಾಸು ಮಾಡಿಕೊಳ್ಳುವ ಕಾಡೂ ಅದೇ.

ಕುದುರೆಮುಖದ ಹುಲ್ಲುಗುಡ್ಡಗಳ ಪ್ರಶ್ನೆ ಉಳಿದಿದೆ. ಅಲ್ಲಿ ಕಣಿವೆಯ ಮಡಿಲಲ್ಲಿ ಶೋಲಾ ಕಾಡು, ಬೆನ್ನಿನ ಮೇಲೆ ಬರೀ ಹುಲ್ಲು, ನಡುವಿನ ಗಡಿ ಕತ್ತರಿಸಿ ಇಟ್ಟಂತೆ ಸ್ಪಷ್ಟ. ಗಾಳಿಯ ಹೊಡೆತ, ತೆಳು ಮಣ್ಣು, ಬೇಸಿಗೆಯ ಬೆಂಕಿ, ಇನ್ನೂ ಎತ್ತರದ ನೀಲಗಿರಿಯಲ್ಲಾದರೆ ಚಳಿಗಾಲದ ಇಬ್ಬನಿ ಹೆಪ್ಪುಗಟ್ಟುವುದು, ಇವು ಎಳೆಯ ಮರಸಸಿಗಳನ್ನು ಉಳಿಯಗೊಡುವುದಿಲ್ಲ. ಇವು ಮನುಷ್ಯ ಕಡಿದು ಹಾಳು ಮಾಡಿದ ಕಾಡು ಎಂಬ ನಂಬಿಕೆ ಬಹಳ ಕಾಲ ಇತ್ತು. ಸುಕುಮಾರ್ ಮತ್ತು ಸಂಗಡಿಗರು ನೀಲಗಿರಿಯ ಜೌಗಿನ ಪೀಟ್ ಪದರಗಳಲ್ಲಿ ಇಂಗಾಲದ ಐಸೊಟೋಪುಗಳನ್ನು ಅಳೆದು 1993ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನ ಈ ನಂಬಿಕೆಯನ್ನು ಅಲುಗಿಸಿತು. ಸುಮಾರು 20 ಸಾವಿರ ವರ್ಷದ ಹಿಂದೆ, ಹಿಮಯುಗದ ಒಣ ಕಾಲದಲ್ಲೇ, ಅಲ್ಲಿ ಹುಲ್ಲು ಹರಡಿತ್ತು. ಹವೆ ಒದ್ದೆಯಾದಾಗ ಕಾಡು ಮುಂದೆ ಬಂದಿದೆ, ಒಣಗಿದಾಗ ಹುಲ್ಲು. ಹುಲ್ಲುಗುಡ್ಡಕ್ಕೂ ಅದರದೇ ಆದ ಗಿಡ, ಹಕ್ಕಿ, ಹಳ್ಳಗಳಿವೆ. ಹಸಿರೀಕರಣದ ಹೆಸರಿನಲ್ಲಿ ಅದರ ಮೇಲೂ ಮಲೆನಾಡಿನ ಬೇಣದ ಮೇಲೂ ಅಕೇಶಿಯಾ ನೆಟ್ಟದ್ದು ನನ್ನ ಮಟ್ಟಿಗೆ ಎರಡು ಬಗೆಯ ನಷ್ಟ: ಹುಲ್ಲುಗಾವಲು ಹೋಯಿತು, ಮಳೆಕಾಡು ಬರಲಿಲ್ಲ. ನೆಡುತೋಪೂ ವರ್ಷವಿಡೀ ಹಸಿರೇ. ಆದರೆ ಅದರ ಕೆಳಗೆ ಕೊಳೆಯದ ಎಲೆಯ ರಾಶಿ, ಮೇಲೆ ಒಂದೇ ಜಾತಿ. ಬೆತ್ತ ಇಲ್ಲ, ಮೆಣಸಿನ ಬಳ್ಳಿ ಇಲ್ಲ, ಮಂಗಟ್ಟೆ ಇಲ್ಲ.

ಒಣ ಕಾಡಿನ ನಡುವೆ ಒಂದು ರಸ್ತೆ ಬಂದರೆ ಕಾಡುಪ್ರಾಣಿಗಳಿಗೆ ತೊಂದರೆ ದೊಡ್ಡದು, ಮರಗಳಿಗೆ ಅಷ್ಟಿಲ್ಲ. ಬಿಸಿಲು ಗಾಳಿ ಅವಕ್ಕೆ ಹೊಸದಲ್ಲ. ಕಾನಿನಲ್ಲಿ ಮರಗಳೇ ಸಾಯುತ್ತವೆ. ಬ್ರೆಜಿಲಿನ ಮನಾಸ್ ಬಳಿ 1979ರಲ್ಲಿ ಥಾಮಸ್ ಲವ್‌ಜಾಯ್ ಆರಂಭಿಸಿದ ಪ್ರಯೋಗದಲ್ಲಿ ಸುತ್ತ ಕಾಡು ತೆಗೆದು ಬಿಟ್ಟ ತುಂಡುಕಾಡುಗಳನ್ನು ದಶಕಗಳ ಕಾಲ ಅಳೆದರು. ಅಂಚಿನಿಂದ ನೂರು ಮೀಟರ್ ಒಳಗಿನ ಪಟ್ಟಿಯಲ್ಲಿ ಬಿಸಿ ಒಣಗಾಳಿ ನುಗ್ಗಿ ದೊಡ್ಡ ಮರಗಳು ಒಣಗಿ ಬಿದ್ದವು. ಹತ್ತರಿಂದ ಹದಿನೇಳು ವರ್ಷಗಳಲ್ಲಿ ಕೆಲವು ಕಡೆ ಅಲ್ಲಿನ ಜೀವರಾಶಿಯ ಮೂರನೇ ಒಂದು ಭಾಗದವರೆಗೂ ಕಳೆದುಹೋಯಿತು, ಯಾರೂ ಒಂದು ಕೊಡಲಿ ಏಟು ಹಾಕದೆ. ಘಟ್ಟದಲ್ಲಿ ವಿದ್ಯುತ್ ತಂತಿಗಾಗಿ, ರಸ್ತೆ ಅಗಲಿಸಲಿಕ್ಕಾಗಿ ತೆಗೆಯುವ ಗೆರೆಗಳನ್ನು ಲೆಕ್ಕ ಹಾಕುವಾಗ ಬಿದ್ದ ಮರಗಳನ್ನಷ್ಟೇ ಎಣಿಸುತ್ತಾರೆ. ಎರಡೂ ಬದಿಯ ಆ ನೂರು ನೂರು ಮೀಟರನ್ನು ಸೇರಿಸಿ ಎಣಿಸಬೇಕು.

ಈ ಕಾಡಿನ ವಯಸ್ಸು ನೆನೆದರೆ ಆ ಲೆಕ್ಕ ಇನ್ನೂ ಭಾರವಾಗುತ್ತದೆ. ಗುಜರಾತಿನ ವಸ್ತಾನ್ ಲಿಗ್ನೈಟ್ ಗಣಿಯಲ್ಲಿ ಐದು ಕೋಟಿ ವರ್ಷಕ್ಕೂ ಹಿಂದಿನ ಅಂಬರ್ ಸಿಕ್ಕಿದೆ, ಒಳಗೆ ಸಿಕ್ಕಿಬಿದ್ದ ಕೀಟಗಳ ಸಮೇತ. ರಾಸಾಯನಿಕ ಪರೀಕ್ಷೆ ಮಾಡಿದಾಗ ಅದು ಧೂಪ, ಧೂಮ ಮರಗಳ ಕುಟುಂಬದ ಅಂಟು ಎಂದು ತಿಳಿಯಿತು. ಈಗ ಒಣಗಿ ಬಿರಿದ ಆ ನೆಲದಲ್ಲಿ ಆಗ ಮಳೆಕಾಡಿತ್ತು. ಅದೇ ಕುಟುಂಬದ ಸಾಲುಧೂಪದ ಅಂಟನ್ನು ನಾವು ಕೆಂಡದ ಮೇಲೆ ಹಾಕಿ ದೇವರ ಮುಂದೆ ಹಿಡಿಯುತ್ತೇವೆ.

ಐದು ಕೋಟಿ ವರ್ಷ ಬಾಳಿದ ವಂಶದ ಬೀಜಕ್ಕೆ ಕೆಲವು ವಾರ ಕಾಯುವ ಶಕ್ತಿ ಇಲ್ಲ. ತೇಗದ ಬೀಜವನ್ನು ಗೋಣಿಯಲ್ಲಿ ಕಟ್ಟಿ ವರ್ಷಗಟ್ಟಲೆ ಇಡಬಹುದು. ನರ್ಸರಿಯವರು ಅದನ್ನು ನೆನೆಸಿ, ಒಣಗಿಸಿ, ಮತ್ತೆ ನೆನೆಸಿ ಎಬ್ಬಿಸುತ್ತಾರೆ. ಧೂಪದ ದಪ್ಪ ಬೀಜ ಮುಂಗಾರಿನ ಹೊತ್ತಿಗೆ ನೆಲಕ್ಕೆ ಬಿದ್ದು, ಬಿದ್ದಲ್ಲೇ ಮೊಳೆಯಬೇಕು. ಒಣಗಿಸಿದರೆ ಸಾಯುತ್ತದೆ, ತಂಪು ಪೆಟ್ಟಿಗೆಯಲ್ಲಿಟ್ಟರೂ ಸಾಯುತ್ತದೆ. ರಾಮಪತ್ರೆಯದೂ ಅದೇ ಸ್ವಭಾವ. ಪ್ರಪಂಚದ ಬೆಳೆಗಳ ಬೀಜಗಳನ್ನು ಒಣಗಿಸಿ ಮೈನಸ್ 18 ಡಿಗ್ರಿಯಲ್ಲಿ ಕಾಪಿಟ್ಟಿರುವ ನಾರ್ವೆಯ ಸ್ವಾಲ್‌ಬಾರ್ಡ್ ಭಂಡಾರದ ವಿಧಾನ ಇಂಥ ಬೀಜಗಳಿಗೆ ಒಗ್ಗುವುದಿಲ್ಲ. ಆದ್ದರಿಂದ ಕಾನು ಮರಳಿಸಬೇಕೆಂದು ಹೊರಟವರು ಮಳೆ ಹಿಡಿಯುವ ದಿನಗಳಲ್ಲಿ ಬೀಜ ಆರಿಸಿ, ತಡಮಾಡದೆ ಮಣ್ಣಿಗೆ ಊರಬೇಕು. ಮೊಳೆತ ಸಸಿಯನ್ನು ಬಯಲಿನಲ್ಲಿ ನೆಟ್ಟರೆ ಮೊದಲ ಬೇಸಿಗೆಯಲ್ಲೇ ಸುಟ್ಟುಹೋಗುತ್ತದೆ. ಅದಕ್ಕೆ ನೆರಳು ಕೊಡುವ ಮರ ಮೊದಲೇ ಅಲ್ಲಿ ನಿಂತಿರಬೇಕು.